ಮಗ ಮೈಸೂರು ಜೈಲಿನಲ್ಲಿ, ಫೋನ್ ಖರ್ಚು ತಡೆಯೋದು ಹೇಗೆ?

ಪ್ರಶ್ನೆ: ಸೋಮವಾರಪೇಟೆ ಹತ್ತಿರ ಕಾಫಿ ತೋಟದ ಲೈನ್ ಮನೆಯಲ್ಲಿದ್ದೇವೆ. ಮಗ ಎಂಟು ತಿಂಗಳಿಂದ ಮೈಸೂರು ಜೈಲಿನಲ್ಲಿದ್ದಾನೆ. ಕೇಸು ಇನ್ನೂ ನಡೀತಿದೆ. ನೋಡಿ ಬರಲು ಹೋದರೆ ಎರಡು ದಿನದ ಕೂಲಿ ಹೋಗುತ್ತದೆ, ಬಸ್ ಖರ್ಚು ಬೇರೆ. ಈಗ ಯಾರೋ ಫೋನ್ ಮಾಡಿ, ‘ಒಳಗಿನಿಂದ ದಿನಾ ಮಾತಾಡಿಸ್ತೀವಿ, ವಾರಕ್ಕೆ 500 ರೂಪಾಯಿ ಹಾಕಿ’ ಅಂತಾರೆ. ಎರಡು ಸಲ ಹಾಕಿದೆ. ಕಡಿಮೆ ಖರ್ಚಿನಲ್ಲಿ ಮಾತಾಡಲು ಬೇರೆ ದಾರಿ ಇದೆಯಾ?

ಉತ್ತರ: ಅಮ್ಮಾ, ಮೂರನೇ ಸಲ ಹಾಕಬೇಡಿ. ಮೊದಲು ಆ ಮಾತು ಮುಗಿಸೋಣ. ಕೈದಿ ಮೊಬೈಲ್ ಇಟ್ಟುಕೊಳ್ಳುವುದು ಅಪರಾಧ. ಸಿಕ್ಕಿಬಿದ್ದರೆ ನಿಮ್ಮ ಮಗನ ಮೇಲೆ ಇನ್ನೊಂದು ಕೇಸು ಬೀಳುತ್ತದೆ, ಸಿಗಬಹುದಾಗಿದ್ದ ಜಾಮೀನೂ ಕಷ್ಟವಾಗುತ್ತದೆ. ಹಣ ಕೇಳಿದವನು ಜೈಲಿನ ಹತ್ತಿರವೂ ಸುಳಿಯದ ಮೋಸಗಾರನೇ ಇರಬಹುದು. ಅವನ ನಂಬರ್, ಹಣ ಹಾಕಿದ ದಾಖಲೆ ಎರಡನ್ನೂ ಅಳಿಸದೆ ಇಟ್ಟುಕೊಂಡು ನಿಮ್ಮ ವಕೀಲರಿಗೆ ತೋರಿಸಿ.

ನೇರ ದಾರಿ ಇದಕ್ಕಿಂತ ಎಷ್ಟೋ ಅಗ್ಗ. ಕೈದಿಗಳು ಮನೆಯವರ ಜೊತೆ ಮಾತಾಡಲಿ ಅಂತಲೇ ಜೈಲಿನೊಳಗೆ ಫೋನ್ ವ್ಯವಸ್ಥೆ ಇದೆ. ಮಗ ಅಲ್ಲಿ ಅರ್ಜಿ ಕೊಟ್ಟು, ಯಾರ ಜೊತೆ ಮಾತಾಡಬೇಕೋ ಅವರ ಹೆಸರು, ನಂಬರ್ ಬರೆಸಬೇಕು. ಜೈಲಿನವರು ಪರಿಶೀಲಿಸಿ ಒಪ್ಪಿದ ನಂಬರಿಗೆ ಮಾತ್ರ ಕರೆ ಹೋಗುತ್ತದೆ. ಕರೆಯ ದುಡ್ಡು ಜೈಲಿನಲ್ಲಿ ಅವನ ಹೆಸರಿನಲ್ಲಿರುವ ಹಣದಿಂದ ಹೋಗುತ್ತದೆ. ನಿಮಗೆ ಅದು ಬರುವ ಕರೆ, ಹಾಗಾಗಿ ಖರ್ಚಿಲ್ಲ. ಹಣ ಕೊಡಬೇಕಿದ್ದರೆ ಜೈಲಿನ ಕಚೇರಿ ಮೂಲಕವೇ ಕೊಡಿ, ರಸೀದಿ ಕೇಳಿ ತೆಗೆದುಕೊಳ್ಳಿ.

ಹಾಗಾದರೆ ಎಂಟು ತಿಂಗಳಾದರೂ ಒಂದು ಕರೆ ಯಾಕೆ ಬಂದಿಲ್ಲ ಅಂತ ಕೇಳ್ತೀರಿ ಅಲ್ವಾ? ನಮ್ಮ ಕಡೆ ಹೆಚ್ಚಾಗಿ ಸಿಕ್ಕಿಕೊಳ್ಳುವುದು ಸಿಮ್ ವಿಷಯದಲ್ಲಿ. ಲೈನ್ ಮನೆಯಲ್ಲಿ ಎಷ್ಟೋ ಜನರ ಸಿಮ್ ತೋಟದ ಲೆಕ್ಕ ಬರೆಯುವ ರೈಟರ್ ಹೆಸರಲ್ಲೋ, ಕೆಲಸ ಬಿಟ್ಟು ಊರಿಗೆ ಹೋದ ಅಳಿಯನ ಹೆಸರಲ್ಲೋ ಇರುತ್ತದೆ. ಮಗ ‘ಇದು ನಮ್ಮಮ್ಮನ ನಂಬರ್’ ಅಂತ ಬರೆಸುತ್ತಾನೆ, ವಿಚಾರಿಸಿದರೆ ದಾಖಲೆಯಲ್ಲಿ ಬೇರೆ ಯಾರದೋ ಹೆಸರು. ಅಲ್ಲಿಗೆ ಅರ್ಜಿ ನಿಂತಿತು. ನಿಮ್ಮ ಆಧಾರ್ ತೆಗೆದುಕೊಂಡು ಹೋಗಿ ಸಿಮ್ ನಿಮ್ಮ ಹೆಸರಿಗೆ ಮಾಡಿಸಿಕೊಳ್ಳಿ, ಇಲ್ಲವೇ ಹೊಸದು ಕೊಳ್ಳಿ. ಒಮ್ಮೆ ಬರೆಸಿದ ಮೇಲೆ ಆ ನಂಬರ್ ಬದಲಾಯಿಸಬೇಡಿ. ಯಾವ ಕಂಪನಿ ಎಷ್ಟೇ ಆಫರ್ ಕೊಡಲಿ, ಬೇಡ. ಬದಲಾಯಿಸಿದರೆ ಪರಿಶೀಲನೆ ಮತ್ತೆ ಮೊದಲಿಂದ.

ರೀಚಾರ್ಜ್ ಮುಗಿಯಲು ಬಿಡಬೇಡಿ. ಮುಗಿದು ಸ್ವಲ್ಪ ದಿನವಾದರೆ ಬರುವ ಕರೆಯೂ ನಿಲ್ಲುತ್ತದೆ. ನಿಮ್ಮದು ಕೀಪ್ಯಾಡ್ ಫೋನ್ ಆಗಿದ್ದರೆ ಡೇಟಾ ಇರುವ ಪ್ಯಾಕ್ ಯಾಕೆ? ಬರೀ ಕರೆ, ಎಸ್ಸೆಮ್ಮೆಸ್ ಇರುವ ಪ್ಯಾಕನ್ನೂ ಕಂಪನಿಗಳು ಕೊಡಲೇಬೇಕು ಅಂತ ಫೋನ್ ಕಂಪನಿಗಳ ಮೇಲೆ ಕಣ್ಣಿಡುವ ಸರ್ಕಾರಿ ಸಂಸ್ಥೆ ಟ್ರಾಯ್ 2024ರ ಡಿಸೆಂಬರ್‌ನಲ್ಲೇ ಹೇಳಿದೆ. ಅಂಗಡಿಯವರು ತಾವಾಗಿ ಹೇಳುವುದಿಲ್ಲ, ‘ಡೇಟಾ ಇಲ್ಲದ್ದು ಕೊಡಿ’ ಅಂತ ನೀವೇ ಕೇಳಬೇಕು.

ಇನ್ನು ನಮ್ಮ ಮಳೆ. ಜೂನ್ ಬಂದರೆ ಕರೆಂಟ್ ಹೋಗುತ್ತದೆ, ಹಿಂದೆಯೇ ಟವರ್ ಸಾಯುತ್ತದೆ. ಕರೆ ತಪ್ಪಿದರೆ ಆ ನಂಬರಿಗೆ ವಾಪಸ್ ಮಾಡಿ ಮಗನನ್ನು ಕರೆಸಲು ಆಗುವುದಿಲ್ಲ. ಒಬ್ಬ ತಾಯಿ ಮೂರು ವಾರ ಕರೆ ಇಲ್ಲ ಅಂತ ಅಳುತ್ತಾ ನನ್ನ ಹತ್ತಿರ ಬಂದಿದ್ದರು. ಅವರ ಮಗ ಮೂರು ವಾರವೂ ಮಾಡಿದ್ದ. ಫೋನ್ ಅಡುಗೆಮನೆ ಗೂಡಿನಲ್ಲಿತ್ತು, ಅಲ್ಲಿ ಸಿಗ್ನಲ್ಲೇ ಇಲ್ಲ. ಆಮೇಲೆ ಇಬ್ಬರೂ ಒಂದು ದಿನ, ಒಂದು ಹೊತ್ತು ಗೊತ್ತು ಮಾಡಿಕೊಂಡರು. ಆ ಹೊತ್ತಿಗೆ ಅವರು ಮನೆ ಹಿಂದಿನ ದಿಬ್ಬಕ್ಕೆ ಹೋಗಿ ಕೊಡೆ ಹಿಡಿದು ಕೂರುತ್ತಿದ್ದರು. ನೀವೂ ಹಾಗೇ ಮಾಡಿ. ಸಿಗ್ನಲ್ ಚೆನ್ನಾಗಿ ಸಿಗುವ ಕುಶಾಲನಗರದಂಥ ಕಡೆ ತಂಗಿಯೋ ಮಗಳೋ ಇದ್ದರೆ ಅವರ ನಂಬರನ್ನೂ ಬರೆಸಲು ಹೇಳಿ. ವಕೀಲರ ನಂಬರ್ ಅಂತೂ ಇರಲೇಬೇಕು. ಜೈಲಿನ ಕರೆಯನ್ನು ಕೇಳಿಸಿಕೊಳ್ಳುವವರು ಇರುತ್ತಾರೆ ಅಂತ ತಿಳಿದೇ ಮಾತಾಡಿ. ಕೇಸಿನ ವಿಷಯ, ಸಾಕ್ಷಿಗಳ ಹೆಸರು ಫೋನಿನಲ್ಲಿ ಬೇಡ. ಊಟ, ಆರೋಗ್ಯ, ತಂಗಿಯ ಮದುವೆ ಸುದ್ದಿ ಮಾತಾಡಿದರೆ ಸಾಕು.

ಮುಖ ನೋಡಬೇಕು ಅನ್ನಿಸಿದರೆ ಇ-ಮುಲಾಕಾತ್ ಇದೆ. ಮನೆಯಿಂದಲೇ ವಿಡಿಯೋ ಭೇಟಿ. ಈಪ್ರಿಸನ್ಸ್ ಡಾಟ್ ಎನ್‌ಐಸಿ ಡಾಟ್ ಇನ್ ಎಂಬ ಸರ್ಕಾರಿ ತಾಣದಲ್ಲಿ ಅರ್ಜಿ ತುಂಬಬೇಕು. ನಿಮ್ಮ ಗುರುತಿನ ಚೀಟಿ, ಮೊಬೈಲ್, ಇಮೇಲ್, ಮಗನ ಹೆಸರು, ಅವನ ತಂದೆಯ ಹೆಸರು ಕೇಳುತ್ತದೆ. ಜೈಲಿನವರು ಒಪ್ಪಿದ ಮೇಲೆ ಭೇಟಿಯ ಲಿಂಕ್ ಬರುತ್ತದೆ. ಮಗನ ಹೆಸರು ಜೈಲಿನ ದಾಖಲೆಯಲ್ಲಿ ಹೇಗಿದೆಯೋ ಹಾಗೇ ಇರಬೇಕು. ಮನೆಯಲ್ಲಿ ಕರೆಯುವ ಹೆಸರು ಹಾಕಿದರೆ ಅರ್ಜಿ ತಿರಸ್ಕಾರವಾಗುತ್ತದೆ. ಸ್ಮಾರ್ಟ್ ಫೋನ್ ಇಲ್ಲದಿದ್ದರೆ ಪಂಚಾಯಿತಿಯ ಅರಿವು ಕೇಂದ್ರದಲ್ಲಿ (ಗ್ರಂಥಾಲಯದಲ್ಲಿ) ವಿಚಾರಿಸಿ, ಇಲ್ಲಾಂದ್ರೆ ಕಾಲೇಜಿಗೆ ಹೋಗುವ ಪಕ್ಕದ ಮನೆ ಹುಡುಗಿಯನ್ನು ಕೂರಿಸಿಕೊಳ್ಳಿ.

ಕಾಗದವನ್ನೂ ಮರೆಯಬೇಡಿ. ಎರಡೂವರೆ ರೂಪಾಯಿ ಇನ್‌ಲ್ಯಾಂಡ್ ಪತ್ರಕ್ಕೆ ಟವರ್ ಬೇಡ. ಕರೆಯನ್ನು ಒಂದೇ ಸಲ ಕೇಳಬಹುದು, ಕಾಗದವನ್ನು ಅವನು ಹತ್ತು ಸಲ ಓದುತ್ತಾನೆ.

ವಾಯಿದೆ ದಿನ ಮಗನನ್ನು ನೋಡಬಹುದು ಅಂತ ಕೋರ್ಟಿಗೆ ಓಡುವ ಮೊದಲು ವಕೀಲರನ್ನು ಕೇಳಿ. ಈಗ ಎಷ್ಟೋ ಸಲ ವಿಡಿಯೋದಲ್ಲೇ ಹಾಜರುಪಡಿಸುತ್ತಾರೆ. ಸುಮ್ನೆ ಒಂದು ಕೂಲಿ ಕಳೆದುಕೊಂಡು ಮಗನನ್ನು ನೋಡದೆಯೇ ವಾಪಸ್ ಬರಬೇಕಾಗುತ್ತದೆ.

ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. ಜೈಲಿನಲ್ಲಿರುವ ಯಾರಿಗೇ ಆಗಲಿ, ಆದಾಯ ನೋಡದೆ ಉಚಿತ ವಕೀಲರು ಸಿಗಬೇಕು. 1987ರ ಕಾನೂನು ಸೇವೆಗಳ ಕಾಯ್ದೆಯಲ್ಲೇ ಅದು ಇದೆ. ಮಡಿಕೇರಿಯ ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರಕ್ಕೆ ಹೋಗಿ, ಅಥವಾ 15100ಕ್ಕೆ ಕರೆ ಮಾಡಿ. ಇದು ಮಗನ ಮೊದಲ ಕೇಸೇ? ಹಾಗಿದ್ದರೆ ಆ ಅಪರಾಧದ ಗರಿಷ್ಠ ಶಿಕ್ಷೆಯ ಮೂರನೇ ಒಂದು ಭಾಗದಷ್ಟು ಕಾಲ ಒಳಗೇ ಕಳೆದಿದ್ದರೆ ಬಾಂಡ್ (ಮುಚ್ಚಳಿಕೆ) ಮೇಲೆ ಬಿಡುವ ಅವಕಾಶ, ಹಳೆಯ ಸಿಆರ್‌ಪಿಸಿ ಬದಲಿಗೆ ಬಂದ ಹೊಸ ನಾಗರಿಕ ಸುರಕ್ಷಾ ಸಂಹಿತೆಯ 479ನೇ ಕಲಮಿನಲ್ಲಿದೆ. ಗಲ್ಲು ಅಥವಾ ಜೀವಾವಧಿ ಶಿಕ್ಷೆ ಆಗಬಹುದಾದ ಕೇಸಿಗೆ, ಬೇರೆ ಕೇಸುಗಳೂ ಬಾಕಿ ಇದ್ದವರಿಗೆ ಇದು ಸಿಗುವುದಿಲ್ಲ. ಜಾಮೀನು ಸಿಕ್ಕಿಯೂ ಹಣವಿಲ್ಲದೆ ಒಳಗೇ ಉಳಿದವರಿಗೆ ನೆರವಾಗಲು ಕೇಂದ್ರ ಸರ್ಕಾರ 2023ರಲ್ಲಿ ಒಂದು ಯೋಜನೆ ತಂದಿದೆ. ಅದನ್ನೂ ವಕೀಲರ ಹತ್ತಿರ ಕೇಳಿ.

ಪ್ರಶ್ನೆ: ನಮ್ಮ ಅಣ್ಣ ದುಬೈ ಜೈಲಿನಲ್ಲಿದ್ದಾನೆ. ಗೋಣಿಕೊಪ್ಪದಿಂದ ಫೋನ್ ಮಾಡಿದರೆ ಯಾರೂ ಸರಿಯಾಗಿ ಹೇಳುವುದಿಲ್ಲ, ಕರೆನ್ಸಿ ಮಾತ್ರ ಖಾಲಿ. ಏನು ಮಾಡಲಿ?

ಉತ್ತರ: ನೀವು ಮಾಡುವುದನ್ನು ನಿಲ್ಲಿಸಿ, ಅಣ್ಣನೇ ಮಾಡಲಿ. ಭಾರತದಲ್ಲಿದ್ದು ಕರೆ ಸ್ವೀಕರಿಸಿದರೆ ನಿಮಗೆ ಖರ್ಚಿಲ್ಲ. 971ರಿಂದ ಶುರುವಾಗುವ ಕರೆಯನ್ನು ಮೋಸದ ಕರೆ ಅಂತ ಮನೆಯವರು ಕತ್ತರಿಸದಂತೆ ಹೇಳಿಡಿ. ಹಾಗಂತ ‘ನಿಮ್ಮಣ್ಣನಿಗೆ ಹುಷಾರಿಲ್ಲ, ಹಣ ಹಾಕಿ’ ಅಂದವನಿಗೆ ಹಾಕಲೂ ಬೇಡಿ. ಸುದ್ದಿ ನಿಜವೇ ಅಂತ ತಿಳಿಯಲು ವಿದೇಶಾಂಗ ಇಲಾಖೆಯ ಮದದ್ ತಾಣದಲ್ಲಿ ದೂರು ದಾಖಲಿಸಿ. 2015ರಿಂದ ಇದೆ. ಪಾಸ್‌ಪೋರ್ಟ್ ನಂಬರ್ ಜೊತೆಗಿಟ್ಟುಕೊಂಡು ತುಂಬಿ. ದುಬೈನ ಭಾರತೀಯ ಕಾನ್ಸುಲೇಟ್‌ನವರು (ಅಲ್ಲಿರುವ ನಮ್ಮ ಸರ್ಕಾರದ ಕಚೇರಿಯವರು) ಜೈಲಿಗೆ ಹೋಗಿ ಅಣ್ಣನನ್ನು ಕಾಣಬಹುದು. ಅಣ್ಣನೂ ಅಲ್ಲಿಯ ಅಧಿಕಾರಿಗಳ ಹತ್ತಿರ ‘ನಮ್ಮ ಕಾನ್ಸುಲೇಟ್‌ಗೆ ತಿಳಿಸಿ’ ಅಂತ ಬಾಯಿಬಿಟ್ಟು ಕೇಳಬೇಕು. ಮುಂದಿನ ಕರೆ ಬಂದಾಗ ಮೊದಲು ಅದನ್ನೇ ಹೇಳಿ.