ಲಾಗಿನ್ ಆಗುತ್ತದೆ, ಫೈಲ್ ಮಾತ್ರ ಹೋಗುವುದಿಲ್ಲ: ಪ್ರತಿಕ್ರಿಯೆ

ದೂರದ ಕಂಪ್ಯೂಟರಿಗೆ ಎಸ್‌ಎಸ್‌ಎಚ್ ಲಾಗಿನ್ ಸರಿಯಾಗಿದೆ, ಅಲ್ಲಿಗೆ ಫೈಲ್ ನಕಲಿಸುವ ಎಸ್‌ಸಿಪಿ ಆದೇಶ ಮಾತ್ರ ‘ಸಂದೇಶ ತೀರಾ ಉದ್ದ’ ಎಂದು, 1466264675 ಎಂಬ ಸಂಖ್ಯೆಯನ್ನೂ ತೋರಿಸಿ ನಿಲ್ಲುತ್ತದೆ ಎಂದಿದ್ದೀರಿ. ಹಾಗಾದರೆ ಪಾಸ್‌ವರ್ಡ್, ಫೈರ್‌ವಾಲ್‌ಗಳನ್ನು ಕೆದಕಬೇಡಿ. ಪಾಪ, ಅವುಗಳ ತಪ್ಪೇನೂ ಇಲ್ಲ. ಆಚೆಯ ಕಂಪ್ಯೂಟರಿನ ಬ್ಯಾಶ್‌ಆರ್‌ಸಿ ಫೈಲಿನಲ್ಲಿ (ಆದೇಶ ಓಡಿಸುವ ಬ್ಯಾಶ್ ಶುರುವಾಗುವಾಗ ಓದುವ ಫೈಲ್) ಯಾರೋ ಸ್ವಾಗತದ ಸಾಲೊಂದನ್ನು ಎಕೋ ಮಾಡಿಟ್ಟಿದ್ದಾರೆ, ಅಂದರೆ ಮುದ್ರಿಸಲು ಹೇಳಿದ್ದಾರೆ.

2022ರ ಓಪನ್‌ಎಸ್‌ಎಸ್‌ಎಚ್ 9.0 ಆವೃತ್ತಿಯಿಂದ ಎಸ್‌ಸಿಪಿ ಒಳಗೊಳಗೇ ಎಸ್‌ಎಫ್‌ಟಿಪಿ ಎಂಬ ಫೈಲ್ ಸಾಗಣೆಯ ವಿಧಾನವನ್ನು ಬಳಸುತ್ತದೆ. ಆಚೆಯಿಂದ ಬಂದ ಮೊದಲ ನಾಲ್ಕು ಬೈಟ್‌ಗಳನ್ನು ಅದು ಸಂದೇಶದ ಉದ್ದವೆಂದೇ ಓದುತ್ತದೆ. ಇಂಗ್ಲಿಷಿನ ‘ವೆಲ್‌ಕಮ್’ ಪದದ ಮೊದಲ ನಾಲ್ಕು ಅಕ್ಷರಗಳನ್ನು ಹಾಗೆ ಓದಿದರೆ ಸಿಗುವುದು ನಿಮ್ಮ ಅದೇ ಸಂಖ್ಯೆ!

ಎಸ್‌ಎಸ್‌ಎಚ್ ಆದೇಶದ ಕೊನೆಗೆ, ತಾನಾಗಿ ಏನನ್ನೂ ಮುದ್ರಿಸದ ‘ಟ್ರೂ’ ಆದೇಶ ಸೇರಿಸಿ ಓಡಿಸಿ. ಆ ಸ್ವಾಗತ ಅಲ್ಲಿಯೂ ಮೂಡಿದರೆ ಅನುಮಾನವೇ ಬೇಡ, ಸಾಲನ್ನು ಲಾಗಿನ್ ಆದಾಗ ಮಾತ್ರ ಓದುವ ಬ್ಯಾಶ್ ಪ್ರೊಫೈಲ್ ಫೈಲಿಗೆ ಸಾಗಿಸಿ. ಲಾಗಿನ್‌ಗೆ ಮುಂಚೆ ಸರ್ವರ್ ತೋರಿಸುವ ಬ್ಯಾನರ್ ಬೇರೆ ದಾರಿಯಲ್ಲಿ ಬರುತ್ತದೆ, ಅದನ್ನು ಮುಟ್ಟಬೇಕಾಗಿಲ್ಲ.