ಭೂಗೋಳದ ಮೂಲ ಪದಗಳು ಪದೇಪದೇ ಅದಲುಬದಲಾಗುತ್ತವೆ, ಹೇಗೆ ಕಲಿಯಬೇಕು?

ನಿಮ್ಮ ಪ್ರಶ್ನೆ ಇದು: ಭೌತ ಭೂಗೋಳ, ಮಾನವ ಭೂಗೋಳ ಎರಡರ ವ್ಯಾಖ್ಯೆಗಳನ್ನೂ ಬಾಯಿಪಾಠ ಮಾಡಿದ್ದೀರಿ. ಆದರೂ ಪರೀಕ್ಷೆಯಲ್ಲಿ ಹವಾಮಾನದ ಜಾಗದಲ್ಲಿ ವಾಯುಗುಣ, ಉಪನದಿಯ ಜಾಗದಲ್ಲಿ ಕವಲುನದಿ ಬರೆದು ಬರುತ್ತೀರಿ. ಯಾವ ಪದಗಳನ್ನು, ಹೇಗೆ ಕಲಿಯಬೇಕು?

ನನ್ನ ಉತ್ತರ: ಯಾವ ಪದವನ್ನೂ ಒಂಟಿಯಾಗಿ ಕಲಿಯಬೇಡಿ. ಅದು ಯಾವುದರ ಜೊತೆ ಕಲಸಿಹೋಗುತ್ತದೋ ಆ ಪದದ ಪಕ್ಕದಲ್ಲೇ ಇಟ್ಟು ಕಲಿಯಿರಿ. ಜೊತೆಗೆ ಒಂದು ಪ್ರಶ್ನೆ ಕೇಳಿಕೊಳ್ಳಿ: ಇದನ್ನು ಹೇಗೆ ಅಳೆಯುತ್ತಾರೆ, ಯಾವ ಮಾನದಲ್ಲಿ ಹೇಳುತ್ತಾರೆ? ಅಳತೆ ತಿಳಿದವರಿಗೆ ವ್ಯಾಖ್ಯೆ ಮರೆತರೂ ಮತ್ತೆ ಕಟ್ಟಿಕೊಳ್ಳಲು ಬರುತ್ತದೆ.

ಅಕ್ಷಾಂಶ, ರೇಖಾಂಶಗಳಿಂದಲೇ ಶುರುಮಾಡಿ. ಅಕ್ಷಾಂಶ ಸಮಭಾಜಕ ವೃತ್ತದಿಂದ ಉತ್ತರಕ್ಕೆ ಅಥವಾ ದಕ್ಷಿಣಕ್ಕೆ ಇರುವ ಕೋನ. 90 ಡಿಗ್ರಿ ದಾಟುವುದಿಲ್ಲ. ರೇಖಾಂಶ ಸೊನ್ನೆ ಡಿಗ್ರಿ ರೇಖೆ ಹಾದುಹೋಗುವ ಲಂಡನ್ನಿನ ಗ್ರೀನಿಚ್‌ನಿಂದ ಪೂರ್ವಕ್ಕೆ ಅಥವಾ ಪಶ್ಚಿಮಕ್ಕೆ, 180ರವರೆಗೆ ಹೋಗುತ್ತದೆ. ಹಾಗಾಗಿ ಉತ್ತರಪತ್ರಿಕೆಯಲ್ಲಿ ‘120 ಡಿಗ್ರಿ ಉತ್ತರ’ ಎಂದು ಕಂಡರೆ ಅದು ತಪ್ಪು ಎನ್ನಲು ಭೂಪಟವೇ ಬೇಕಿಲ್ಲ. ಒಂದು ಡಿಗ್ರಿ ಅಕ್ಷಾಂಶದ ದೂರ ಎಲ್ಲೇ ಹೋದರೂ ಸುಮಾರು 111 ಕಿ.ಮೀ. ರೇಖಾಂಶದ್ದು ಹಾಗಲ್ಲ. ಸಮಭಾಜಕ ವೃತ್ತದ ಮೇಲೆ 111 ಕಿ.ಮೀ. ಇದ್ದದ್ದು 60 ಡಿಗ್ರಿ ಅಕ್ಷಾಂಶದಲ್ಲಿ ಅರ್ಧಕ್ಕೆ ಇಳಿದು, ಧ್ರುವದಲ್ಲಿ ಸೊನ್ನೆಯಾಗುತ್ತದೆ.

ಸಮಯದ ಲೆಕ್ಕಕ್ಕೆ ಬೇಕಾಗುವುದು ರೇಖಾಂಶ ಮಾತ್ರ. ಭೂಮಿ 24 ಗಂಟೆಗೆ 360 ಡಿಗ್ರಿ ತಿರುಗುವುದರಿಂದ ಗಂಟೆಗೆ 15 ಡಿಗ್ರಿ, ಡಿಗ್ರಿಗೆ 4 ನಿಮಿಷ. ಪೂರ್ವಕ್ಕೆ ಹೋದರೆ ಕೂಡಿಸಿ, ಪಶ್ಚಿಮಕ್ಕೆ ಹೋದರೆ ಕಳೆಯಿರಿ. ಇಲ್ಲಿ ಸ್ಥಳೀಯ ಸಮಯ ಮತ್ತು ಪ್ರಮಾಣಿತ ಸಮಯ ಬೇರೆ ಬೇರೆ ಎಂಬುದನ್ನು ಹೆಚ್ಚಿನವರು ಮರೆಯುತ್ತಾರೆ. ಸ್ಥಳೀಯ ಸಮಯವನ್ನು ಸೂರ್ಯ ಹೇಳುತ್ತಾನೆ, ಪ್ರಮಾಣಿತ ಸಮಯವನ್ನು ಸರ್ಕಾರ ನಿಗದಿ ಮಾಡುತ್ತದೆ. ಚೀನಾ ದೇಶಕ್ಕೆಲ್ಲ ಒಂದೇ ಸಮಯ, 120 ಡಿಗ್ರಿ ಪೂರ್ವದ್ದು. ಅದರ ಪಶ್ಚಿಮದ ಅಂಚಿನ ಕಾಶ್ಗರ್ ಇರುವುದು ಸುಮಾರು 76 ಡಿಗ್ರಿಯಲ್ಲಿ. ವ್ಯತ್ಯಾಸ 44 ಡಿಗ್ರಿ, 4ರಿಂದ ಗುಣಿಸಿದರೆ 176 ನಿಮಿಷ. ಅಂದರೆ ಅಲ್ಲಿ ಸೂರ್ಯ ನೆತ್ತಿಗೆ ಬರುವ ಹೊತ್ತಿಗೆ ಅಧಿಕೃತ ಗಡಿಯಾರದಲ್ಲಿ ಸುಮಾರು ಮೂರು ಗಂಟೆ. ಈ ಒಂದು ಲೆಕ್ಕವನ್ನು ಕೈಯಾರೆ ಮಾಡಿದರೆ ಎರಡು ಪದಗಳೂ ಮತ್ತೆ ಅದಲುಬದಲಾಗುವುದಿಲ್ಲ. ದಾಟಿದರೆ ತಾರೀಕು ಬದಲಾಗುವ ದಿನಾಂಕ ರೇಖೆಯೂ ಹೀಗೆಯೇ ಮನುಷ್ಯರು ಒಪ್ಪಿಕೊಂಡ ಗೆರೆ. 180 ಡಿಗ್ರಿಯನ್ನು ನೇರವಾಗಿ ಹಿಂಬಾಲಿಸುವುದಿಲ್ಲ, ದ್ವೀಪಗಳನ್ನು ಬಳಸಿಕೊಂಡು ಹೋಗುತ್ತದೆ. ಸಮೋವಾ ದೇಶ ರೇಖೆಯ ಆಚೆ ಬದಿಗೆ ಬರಲು ತೀರ್ಮಾನಿಸಿದಾಗ ಅಲ್ಲಿನ ಕ್ಯಾಲೆಂಡರಿನಲ್ಲಿ 2011ರ ಡಿಸೆಂಬರ್ 30 ಬರಲೇ ಇಲ್ಲ.

ನಕ್ಷೆಯ ಅಳತೆ ಪ್ರಮಾಣದಲ್ಲಿ ಎಲ್ಲರೂ ಎಡವುವುದು ಒಂದೇ ಕಡೆ: 1:50,000 ಮತ್ತು 1:10,00,000, ಇವೆರಡರಲ್ಲಿ ಯಾವುದು ದೊಡ್ಡ ಪ್ರಮಾಣ? ಇವು ಭಿನ್ನರಾಶಿಗಳು. ಛೇದ ಚಿಕ್ಕದಿದ್ದಷ್ಟೂ ಬೆಲೆ ಹೆಚ್ಚು, ಆದ್ದರಿಂದ 1:50,000 ದೊಡ್ಡ ಪ್ರಮಾಣದ್ದು. ಅದು ತೋರಿಸುವ ಪ್ರದೇಶ ಚಿಕ್ಕದು, ವಿವರ ಹೆಚ್ಚು. 1:50,000ರಲ್ಲಿ 1 ಸೆಂ.ಮೀ. ಎಂದರೆ ನೆಲದ ಮೇಲೆ 500 ಮೀಟರ್. ಆದರೆ 1 ಚದರ ಸೆಂ.ಮೀ. ಎಂದರೆ ಅರ್ಧ ಚದರ ಕಿ.ಮೀ. ಅಲ್ಲ, ಕಾಲು ಚದರ ಕಿ.ಮೀ.; ಉದ್ದ ಅಗಲ ಎರಡೂ ಅರ್ಧ. ಇನ್ನೊಂದು ವಿಷಯ: ನಕ್ಷೆಯನ್ನು ಜೆರಾಕ್ಸ್‌ನಲ್ಲಿ ಹಿಗ್ಗಿಸಿದರೆ ಅದರ ಮೇಲೆ ಅಚ್ಚಾದ 1:50,000 ಸುಳ್ಳಾಗುತ್ತದೆ, ಆದರೆ ಪಟ್ಟಿಯಾಗಿ ಗೆರೆ ಎಳೆದು ತೋರಿಸಿದ ಪ್ರಮಾಣ ನಕ್ಷೆಯ ಜೊತೆಗೇ ಹಿಗ್ಗುವುದರಿಂದ ಸರಿಯಾಗಿಯೇ ಉಳಿಯುತ್ತದೆ. ರೇಖಾ ಪ್ರಮಾಣದ ಉಪಯೋಗ ಬರೆಯಿರಿ ಎಂದಾಗ ಈ ಅಂಶ ಬರೆದರೆ ಅರ್ಥವಾಗಿದೆ ಎಂದು ಗೊತ್ತಾಗುತ್ತದೆ.

ಸಮೋನ್ನತಿ ರೇಖೆಗಳು ಒಂದೇ ಎತ್ತರದ ಜಾಗಗಳನ್ನು ಜೋಡಿಸುವ ಗೆರೆಗಳು. ಒತ್ತಾಗಿದ್ದರೆ ಕಡಿದಾದ ಇಳಿಜಾರು, ವಿರಳವಾಗಿದ್ದರೆ ಇಳುಕಲು ಕಡಿಮೆ. ಗೆರೆಗಳ ನಡುವಿನ ಅಂತರ 20 ಮೀಟರ್, ನೀವು ದಾಟಿದ ಅಂತರಗಳು ಐದು, ನಕ್ಷೆಯಲ್ಲಿ ದೂರ 4 ಸೆಂ.ಮೀ., ಪ್ರಮಾಣ 1:50,000 ಎಂದುಕೊಳ್ಳಿ. ಏರಿಕೆ 100 ಮೀಟರ್, ನೆಲದ ದೂರ 2,000 ಮೀಟರ್, ಇಳಿಜಾರು 20ಕ್ಕೆ 1. ಇಲ್ಲಿ ಆಗುವ ತಪ್ಪು, ಅಂತರಗಳ ಬದಲು ಗೆರೆಗಳನ್ನು ಎಣಿಸುವುದು. ಆರು ಗೆರೆಗಳ ನಡುವೆ ಇರುವುದು ಐದೇ ಅಂತರ. ಕಣಿವೆಯೋ ಬೆಟ್ಟದ ಚಾಚೋ ಎಂಬ ಅನುಮಾನ ಬಂದರೆ ಗೆರೆ ಮಡಿಚಿಕೊಂಡ ಕಡೆ ಅದರ ಚೂಪು ಎತ್ತ ತಿರುಗಿದೆ ನೋಡಿ. ಎತ್ತರದ ಕಡೆಗಿದ್ದರೆ ಕಣಿವೆ, ತಗ್ಗಿನ ಕಡೆಗಿದ್ದರೆ ಚಾಚು.

ಹವಾಮಾನ ಎಂದರೆ ಒಂದು ಜಾಗದ ವಾತಾವರಣ ಈ ಗಂಟೆ, ಈ ದಿನ ಹೇಗಿದೆ ಎಂಬುದು. ವಾಯುಗುಣ ಅದರ ದೀರ್ಘಕಾಲದ ಸರಾಸರಿ ಮತ್ತು ಏರಿಳಿತ. ವಿಶ್ವ ಹವಾಮಾನ ಸಂಸ್ಥೆ ಇದಕ್ಕೆ 30 ವರ್ಷಗಳ ಅವಧಿಯನ್ನು ತೆಗೆದುಕೊಳ್ಳುತ್ತದೆ. ಒಂದು ವರ್ಷ ಚಳಿ ಜಾಸ್ತಿಯಾಯಿತು ಎಂದು ವಾಯುಗುಣದ ಬಗ್ಗೆ ಏನನ್ನೂ ತೀರ್ಮಾನಿಸಲು ಬರುವುದಿಲ್ಲ.

ಸಾಪೇಕ್ಷ ಆರ್ದ್ರತೆ ಎಂದರೆ ಗಾಳಿಯಲ್ಲಿ ಹೆಚ್ಚೆಂದರೆ ಇರಬಲ್ಲ ನೀರಾವಿಯಲ್ಲಿ ಈಗ ಇರುವುದು ಶೇಕಡಾ ಎಷ್ಟು ಎಂಬುದು. ಈ ವ್ಯಾಖ್ಯೆಯನ್ನು ಎಲ್ಲರೂ ಸರಿಯಾಗಿ ಬರೆಯುತ್ತಾರೆ, ಆದರೆ ಅದರ ನಡವಳಿಕೆ ಕೇಳಿದರೆ ತಡವರಿಸುತ್ತಾರೆ. 20 ಡಿಗ್ರಿ ಸೆಲ್ಸಿಯಸ್‌ನಲ್ಲಿ ಒಂದು ಘನ ಮೀಟರ್ ಗಾಳಿಯಲ್ಲಿ ಹೆಚ್ಚೆಂದರೆ ಸುಮಾರು 17 ಗ್ರಾಂ ನೀರಾವಿ ಇರಬಲ್ಲದು, 30 ಡಿಗ್ರಿಯಲ್ಲಿ ಸುಮಾರು 30 ಗ್ರಾಂ. ಬೆಳಿಗ್ಗೆ 20 ಡಿಗ್ರಿ ಇದ್ದಾಗ 17 ಗ್ರಾಂ ಇದ್ದರೆ ಆರ್ದ್ರತೆ ನೂರಕ್ಕೆ ನೂರು. ಮಧ್ಯಾಹ್ನ 30 ಡಿಗ್ರಿಗೆ ಏರಿತು, ಒಂದು ಹನಿಯೂ ಹೆಚ್ಚು ಕಡಿಮೆಯಾಗಲಿಲ್ಲ. ಆದರೂ ಆರ್ದ್ರತೆ ಶೇ. 57ರ ಆಸುಪಾಸಿಗೆ ಇಳಿಯಿತು. ಬದಲಾದದ್ದು ನೀರಲ್ಲ, ಉಷ್ಣಾಂಶ.

ಇದೇ ತಿಳಿವಳಿಕೆ ಮಳೆ ನೆರಳಿನ ಪ್ರದೇಶಕ್ಕೂ, ಅಂದರೆ ಪರ್ವತದ ಆಚೆ ಬದಿಯ ಮಳೆ ಕಡಿಮೆ ಇರುವ ನೆಲಕ್ಕೂ ಬೇಕು. ‘ಪರ್ವತ ಮಳೆಯನ್ನು ತಡೆಯುತ್ತದೆ’ ಎಂದಷ್ಟೇ ಬರೆದರೆ ಅರ್ಧ ಉತ್ತರ. ಸಮುದ್ರಮಟ್ಟದಲ್ಲಿ 20 ಡಿಗ್ರಿ ಇರುವ ಗಾಳಿ 3,000 ಮೀಟರ್ ಎತ್ತರದ ಪರ್ವತ ಹತ್ತುತ್ತಿದೆ ಎನ್ನಿ. ಮೋಡ ಕಟ್ಟುವವರೆಗೆ ಸಾವಿರ ಮೀಟರಿಗೆ ಸುಮಾರು 10 ಡಿಗ್ರಿಯಂತೆ ತಣ್ಣಗಾಗುತ್ತದೆ. 1,000 ಮೀಟರಿನಲ್ಲಿ ಮೋಡ ಕಟ್ಟಿತು, ಅಲ್ಲಿ 10 ಡಿಗ್ರಿ. ಅಲ್ಲಿಂದ ಮುಂದೆ ನೀರಾವಿ ಹನಿಯಾಗುವಾಗ ಶಾಖ ಬಿಡುವುದರಿಂದ ತಣ್ಣಗಾಗುವ ವೇಗ ಕುಗ್ಗುತ್ತದೆ. ಸಾವಿರಕ್ಕೆ 5 ಡಿಗ್ರಿ ಹಿಡಿದರೆ ಶಿಖರದಲ್ಲಿ 0 ಡಿಗ್ರಿ. ದಾರಿಯಲ್ಲಿ ಮಳೆ ಸುರಿಸಿ ನೀರು ಕಳೆದುಕೊಂಡ ಗಾಳಿ ಆಚೆ ಇಳಿಯುವಾಗ ಸಾವಿರಕ್ಕೆ 10 ಡಿಗ್ರಿಯಂತೆ ಬಿಸಿಯಾಗಿ ಬುಡಕ್ಕೆ ಬರುವಾಗ 30 ಡಿಗ್ರಿ. ಹೊರಟಾಗಿದ್ದಕ್ಕಿಂತ ಬಿಸಿ, ಒಣ ಗಾಳಿ. ದಕ್ಷಿಣ ಅಮೆರಿಕದ ಆಂಡಿಸ್ ಪರ್ವತಗಳ ದಕ್ಷಿಣ ಭಾಗದಲ್ಲಿ ಗಾಳಿ ಪಶ್ಚಿಮದಿಂದ ಬರುವುದರಿಂದ ಚಿಲಿಯ ಬದಿ ಮಳೆಕಾಡು, ಪೂರ್ವಕ್ಕಿರುವ ಅರ್ಜೆಂಟೀನಾದ ಪೆಟಗೋನಿಯಾ ಒಣಭೂಮಿ.

ಗಾಳಿಗೆ ಅದು ಬರುವ ದಿಕ್ಕಿನ ಹೆಸರು, ಸಾಗರ ಪ್ರವಾಹಕ್ಕೆ ಅದು ಹೋಗುವ ದಿಕ್ಕು. ಪಶ್ಚಿಮ ಮಾರುತ ಪೂರ್ವಕ್ಕೆ ಬೀಸುತ್ತದೆ. ಪೂರ್ವದ ಪ್ರವಾಹ ಪೂರ್ವಕ್ಕೇ ಹರಿಯುತ್ತದೆ. ಇದನ್ನು ಹಾಗೆಯೇ ನೆನಪಿಡಬೇಕು.

ಶಿಥಿಲೀಕರಣದಲ್ಲಿ ಬಂಡೆ ಇದ್ದಲ್ಲೇ ಒಡೆಯುತ್ತದೆ ಅಥವಾ ಕರಗುತ್ತದೆ. ಬಿರುಕಿನ ನೀರು ಹೆಪ್ಪುಗಟ್ಟಿ ಸುಮಾರು ಶೇ. 9ರಷ್ಟು ಹಿಗ್ಗಿ ಬಂಡೆಯನ್ನು ಸೀಳುವುದು ಇದಕ್ಕೆ ಉದಾಹರಣೆ. ಸವೆತದಲ್ಲಿ ನದಿ, ಗಾಳಿ, ಹಿಮನದಿ ಅಥವಾ ಅಲೆ ನೆಲವನ್ನು ಕೊರೆದು ವಸ್ತುವನ್ನು ಬೇರೆಡೆಗೆ ಒಯ್ಯುತ್ತದೆ. ಜಾಗ ಬದಲಾಯಿತೇ ಎಂದು ಕೇಳಿ, ಉತ್ತರ ಸಿಗುತ್ತದೆ. ಒಯ್ದದ್ದನ್ನು ಇಳಿಸುವುದು ಸಂಚಯನ. ನದಿ ತರುವ ಮಣ್ಣು, ಅಲೆ ಮತ್ತು ಉಬ್ಬರವಿಳಿತಗಳು ಎಳೆದೊಯ್ಯುವುದಕ್ಕಿಂತ ಹೆಚ್ಚಾದ ಕಡೆ ಮುಖಜ ಭೂಮಿ ಬೆಳೆಯುತ್ತದೆ. ಸಮುದ್ರದ ಉಬ್ಬರ ಒಳನುಗ್ಗಿ ಸಿಹಿನೀರು ಉಪ್ಪುನೀರು ಬೆರೆಯುವ ಅಗಲ ಬಾಯಿ ಅಳಿವೆ, ಥೇಮ್ಸ್ ನದಿಯದ್ದು ಅಂಥದ್ದು. ನೈಲ್ ಮುಖಜ ಭೂಮಿಯ ಕಥೆ ಈ ಲೆಕ್ಕವನ್ನು ಚೆನ್ನಾಗಿ ತೋರಿಸುತ್ತದೆ: 1970ರಲ್ಲಿ ಅಸ್ವಾನ್ ಹೈ ಡ್ಯಾಮ್ ಪೂರ್ಣಗೊಂಡ ಮೇಲೆ ಹೂಳು ಜಲಾಶಯದಲ್ಲೇ ನಿಲ್ಲುತ್ತದೆ, ಹೊಸ ಮಣ್ಣು ಸಿಗದ ಕರಾವಳಿ ಸವೆಯುತ್ತಿದೆ. ಮುಖ್ಯ ನದಿಗೆ ಬಂದು ಸೇರುವುದು ಉಪನದಿ, ಮುಖಜ ಭೂಮಿಯಲ್ಲಿ ಅದರಿಂದ ಒಡೆದು ಹೋಗುವುದು ಕವಲುನದಿ.

ಭೂರೂಪಗಳ ಜೋಡಿಗಳನ್ನು ಭೂಪಟ ನೋಡಿಕೊಂಡೇ ಮುಗಿಸಬಹುದು. ಎರಡು ನೆಲಗಳನ್ನು ಕೂಡಿಸುವ ಕಿರಿದಾದ ನೆಲ ಭೂಸಂಧಿ, ಪನಾಮದಂತೆ. ಎರಡು ಜಲರಾಶಿಗಳನ್ನು ಕೂಡಿಸುವ ಕಿರಿದಾದ ನೀರು ಜಲಸಂಧಿ, ಜಿಬ್ರಾಲ್ಟರ್‌ನಂತೆ. ಭೂಮಿಯೊಳಗೆ ಇರುವವರೆಗೆ ಶಿಲಾಪಾಕ, ಹೊರಬಂದ ಮೇಲೆ ಲಾವಾ.

ಭೂಕಂಪದ ಪದಗಳಿಗೆ ಸ್ವಲ್ಪ ಹೆಚ್ಚು ಹೊತ್ತು ಕೊಡಿ. ಶಿಲೆ ಜಾರಲು ಶುರುವಾದ ಒಳಗಿನ ಬಿಂದು ಭೂಕಂಪ ನಾಭಿ, ಅದರ ನೇರ ಮೇಲೆ ನೆಲದ ಮೇಲಿರುವ ಬಿಂದು ಮೇಲ್ಕೇಂದ್ರ. ಪರಿಮಾಣ ಎಂದರೆ ಬಿಡುಗಡೆಯಾದ ಶಕ್ತಿಯ ಅಳತೆ. ಒಂದು ಭೂಕಂಪಕ್ಕೆ ಒಂದೇ ಸಂಖ್ಯೆ. ತೀವ್ರತೆ ಎಂದರೆ ಒಂದು ಜಾಗದಲ್ಲಿ ನೆಲ ಎಷ್ಟು ಅಲುಗಿತು, ಏನು ಹಾನಿಯಾಯಿತು ಎಂಬುದು. ಊರಿಂದ ಊರಿಗೆ ಬೇರೆ. ಮರ್ಕಾಲಿ ಮಾಪಕದಲ್ಲಿ ಅದನ್ನು 1ರಿಂದ 12ರವರೆಗೆ ಹೇಳುತ್ತಾರೆ. ಪರಿಮಾಣ 1 ಹೆಚ್ಚಾದರೆ ಕಂಪನಮಾಪಕ ದಾಖಲಿಸುವ ಅಲೆಯ ಎತ್ತರ 10 ಪಟ್ಟು, ಶಕ್ತಿ ಸುಮಾರು 32 ಪಟ್ಟು. 2010ರಲ್ಲಿ ಹೈಟಿಯ ಭೂಕಂಪ 7.0, ಅದೇ ವರ್ಷ ಚಿಲಿಯದ್ದು 8.8. ಚಿಲಿಯಲ್ಲಿ ಬಿಡುಗಡೆಯಾದ ಶಕ್ತಿ ಸುಮಾರು 500 ಪಟ್ಟು ಹೆಚ್ಚು. ಸತ್ತವರು ಚಿಲಿಯಲ್ಲಿ ಕೆಲವು ನೂರು, ಹೈಟಿಯಲ್ಲಿ ಲಕ್ಷ ಮೀರಿ. ಹೈಟಿಯಲ್ಲಿ ನಾಭಿ ರಾಜಧಾನಿಗೆ ಹತ್ತಿರವಿತ್ತು, ಕಟ್ಟಡಗಳು ದುರ್ಬಲವಾಗಿದ್ದವು, ಬಡತನವಿತ್ತು. ಅಪಾಯ (ಭೂಕಂಪದಂಥ ಘಟನೆ) ಮತ್ತು ವಿಪತ್ತು (ಅದರಿಂದ ಜನರಿಗೆ ಆಗುವ ಹಾನಿ) ಎಂಬ ಎರಡು ಪದಗಳ ನಡುವೆ ಇರುವ ವ್ಯತ್ಯಾಸ ಇದೇ. ಭೌತ ಭೂಗೋಳ, ಮಾನವ ಭೂಗೋಳ ಎಂದು ಪುಸ್ತಕ ಎರಡು ಭಾಗ ಮಾಡಿದರೂ ಇಂಥ ಪ್ರಶ್ನೆಗೆ ಎರಡರಿಂದಲೂ ಉತ್ತರ ತರಬೇಕು.

ಮಾನವ ಭೂಗೋಳದಲ್ಲಿ ಗೊಂದಲ ಹುಟ್ಟುವುದು ಬಹುಪಾಲು ಛೇದದಿಂದ: ಯಾವುದನ್ನು ಯಾವುದರಿಂದ ಭಾಗಿಸಿದ್ದಾರೆ? ಜನಸಾಂದ್ರತೆ ಎಂದರೆ ಒಟ್ಟು ಜನರನ್ನು ಒಟ್ಟು ವಿಸ್ತೀರ್ಣದಿಂದ ಭಾಗಿಸಿದ್ದು. ಈಜಿಪ್ಟಿನ ವಿಸ್ತೀರ್ಣ ಸುಮಾರು 10 ಲಕ್ಷ ಚದರ ಕಿ.ಮೀ., ಜನ 10 ಕೋಟಿಗೂ ಹೆಚ್ಚು. ಸಾಂದ್ರತೆ ಸುಮಾರು 100 ಎಂದು ಬರುತ್ತದೆ, ಹೆಚ್ಚೇನಲ್ಲ ಎನಿಸುತ್ತದೆ. ಆದರೆ ಸಾಗುವಳಿಗೆ ಸಿಗುವ ನೆಲ ಶೇ. 4ರ ಆಸುಪಾಸು. ಆ ನೆಲದಿಂದ ಭಾಗಿಸಿದರೆ ಚದರ ಕಿ.ಮೀ.ಗೆ 2,500 ಜನ. ಕೃಷಿಯೋಗ್ಯ ಭೂಮಿಗೆ ಲೆಕ್ಕ ಹಾಕಿದ ಸಾಂದ್ರತೆಯನ್ನು ಬೇರೆಯಾಗಿ ಕಲಿಸುವುದು ಇದಕ್ಕೇ.

ಜನನ ಪ್ರಮಾಣ, ಮರಣ ಪ್ರಮಾಣ ಎರಡೂ ವರ್ಷಕ್ಕೆ ಸಾವಿರ ಜನರಿಗೆ. 18 ಜನನ, 7 ಮರಣ ಇದ್ದರೆ ಸ್ವಾಭಾವಿಕ ಬೆಳವಣಿಗೆ ಸಾವಿರಕ್ಕೆ 11, ಅಂದರೆ ಶೇ. 1.1. ಶೇ. 11 ಎಂದು ಬರೆದು ಅಂಕ ಕಳೆದುಕೊಳ್ಳುವವರು ಬಹಳ. ಒಟ್ಟು ಫಲವತ್ತತೆ ದರ ಬೇರೆ. ಒಬ್ಬ ಮಹಿಳೆಗೆ ಜೀವಿತಾವಧಿಯಲ್ಲಿ ಸರಾಸರಿ ಎಷ್ಟು ಮಕ್ಕಳು ಎಂಬ ಲೆಕ್ಕ, ಸುಮಾರು 2.1 ಇದ್ದರೆ ಒಂದು ಪೀಳಿಗೆಯ ಜಾಗವನ್ನು ಮುಂದಿನದ್ದು ತುಂಬುತ್ತದೆ. ಮರಣ ಪ್ರಮಾಣ ನೋಡಿ ದೇಶದ ಆರೋಗ್ಯ ಅಳೆಯಲು ಹೋಗಬೇಡಿ. ವೃದ್ಧರು ಹೆಚ್ಚಿರುವ ಜಪಾನಿನ ಮರಣ ಪ್ರಮಾಣ, ಯುವಜನರೇ ಹೆಚ್ಚಿರುವ ಎಷ್ಟೋ ಬಡ ದೇಶಗಳಿಗಿಂತ ಜಾಸ್ತಿ. ಆರೋಗ್ಯಕ್ಕೆ ಶಿಶು ಮರಣ ಪ್ರಮಾಣ, ಜೀವಿತಾವಧಿ ನೋಡಬೇಕು. ಲಿಂಗಾನುಪಾತ ಓದುವಾಗಲೂ ಮಾನ ಗಮನಿಸಿ: ಭಾರತದ ಜನಗಣತಿ ಸಾವಿರ ಪುರುಷರಿಗೆ ಎಷ್ಟು ಮಹಿಳೆಯರು ಎಂದು ಹೇಳುತ್ತದೆ, ವಿಶ್ವಸಂಸ್ಥೆಯ ಪಟ್ಟಿಗಳು ನೂರು ಮಹಿಳೆಯರಿಗೆ ಎಷ್ಟು ಪುರುಷರು ಎಂದು. 2011ರ 943 ಅಲ್ಲಿ 106 ಆಗುತ್ತದೆ.

ನಗರೀಕರಣ ಎಂದರೆ ನಗರವಾಸಿಗಳ ಪಾಲು ಏರುವುದು, ಸಂಖ್ಯೆ ಏರುವುದಲ್ಲ. ಒಂದು ದೇಶದಲ್ಲಿ 40 ಲಕ್ಷ ಜನ, ಅವರಲ್ಲಿ 10 ಲಕ್ಷ ನಗರದವರು ಎನ್ನಿ. ಮುಂದೆ ದೇಶ 60 ಲಕ್ಷವಾಗಿ ನಗರದವರು 12 ಲಕ್ಷವಾದರೆ ನಗರಗಳು ಬೆಳೆದಿವೆ, ಆದರೆ ಪಾಲು ಶೇ. 25ರಿಂದ 20ಕ್ಕೆ ಇಳಿದಿದೆ. ವಲಸೆಗೆ ಕಾರಣ ಬರೆಯುವಾಗ ಬಿಟ್ಟು ಹೋಗುವ ಊರಿನಲ್ಲಿರುವುದು ತಳ್ಳುವ ಅಂಶ, ಹೋಗಿ ಸೇರುವ ಊರಿನಲ್ಲಿರುವುದು ಸೆಳೆಯುವ ಅಂಶ; ಬರ ಮೊದಲನೆಯದು, ಕಾರ್ಖಾನೆಯ ಕೆಲಸ ಎರಡನೆಯದು.

ನೋಟ್‌ಬುಕ್ಕಿನಲ್ಲಿ ಒಂದು ಪುಟಕ್ಕೆ ಒಂದೇ ಜೋಡಿ ಬರೆಯಿರಿ. ನಡುವೆ ಗೆರೆ ಎಳೆದು ಎರಡೂ ಬದಿಗೆ ಪದ, ಅದರ ಮಾನ, ಭೂಪಟದಲ್ಲಿ ಬೆರಳಿಟ್ಟು ತೋರಿಸಬಲ್ಲ ಒಂದು ಜಾಗ. ಕೆಳಗೆ ಎರಡನ್ನೂ ಬೇರ್ಪಡಿಸುವ ಒಂದೇ ಪ್ರಶ್ನೆ. ದಿನಕ್ಕೆ ನಾಲ್ಕು ಜೋಡಿ ಸಾಕು. ಮರುದಿನ ಪುಟ ಮುಚ್ಚಿ ಆ ಪ್ರಶ್ನೆಯನ್ನು ಮಾತ್ರ ನೆನಪಿನಿಂದ ಬರೆದು ನೋಡಿ. ಅದು ಬಾರದಿದ್ದರೆ ಆ ಜೋಡಿಯನ್ನು ಆ ದಿನದ ನಾಲ್ಕರಲ್ಲಿ ಮತ್ತೆ ಸೇರಿಸಿಕೊಳ್ಳಿ.