ಮೂರು ತಿಂಗಳ ನೋಟಿಸ್ ಮತ್ತು ಖಾಲಿ ಹಾಳೆಯ ಸಹಿ

ಪ್ರಶ್ನೆ: ಚಿಕ್ಕಮಗಳೂರಿನ ದ್ವಿಚಕ್ರ ವಾಹನ ಮಾರಾಟ ಮಳಿಗೆಯೊಂದರಲ್ಲಿ ಏಳು ವರ್ಷಗಳಿಂದ ಲೆಕ್ಕಪತ್ರ ನೋಡಿಕೊಳ್ಳುತ್ತಿದ್ದೇನೆ. ಅಲ್ಲಿ ಇಪ್ಪತ್ತೈದು ಜನ ಇದ್ದೇವೆ. ಹಾಸನದಲ್ಲಿ ಬೇರೆ ಕೆಲಸ ಸಿಕ್ಕಿದ್ದು, ಒಂದು ತಿಂಗಳೊಳಗೆ ಸೇರಬೇಕಾಗಿದೆ. ಆದರೆ ನೇಮಕಾತಿ ಪತ್ರದಲ್ಲಿ ಮೂರು ತಿಂಗಳ ನೋಟಿಸ್ ಅಥವಾ ಅದರ ಬದಲಿಗೆ ಸಂಬಳ ಎಂದಿದೆ. ಅವಧಿ ಮುಗಿಸದೆ ಹೋದರೆ ಪಿ.ಎಫ್., ಗ್ರಾಚ್ಯುಟಿ ಸಿಗುವುದಿಲ್ಲ, ಮೂಲ ಅಂಕಪಟ್ಟಿಗಳನ್ನೂ ಕೊಡುವುದಿಲ್ಲ ಎಂದು ಮಾಲೀಕರು ಹೇಳುತ್ತಿದ್ದಾರೆ.
— ಓದುಗರೊಬ್ಬರು, ಚಿಕ್ಕಮಗಳೂರು

ಉತ್ತರ: ನಿಮ್ಮ ಮಳಿಗೆಗೆ ಅನ್ವಯಿಸುವ 1961ರ ಕರ್ನಾಟಕ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆಯ 39ನೇ ಕಲಮು ನೋಟಿಸಿನ ಹೊಣೆಯನ್ನು ಹೊರಿಸಿರುವುದು ಮಾಲೀಕರ ಮೇಲೆ. ಆರು ತಿಂಗಳು ಸತತವಾಗಿ ದುಡಿದವರನ್ನು ಸಕಾರಣವಿಲ್ಲದೆ, ಒಂದು ತಿಂಗಳ ಮುನ್ಸೂಚನೆಯನ್ನಾಗಲಿ ಅದರ ಬದಲಿನ ಸಂಬಳವನ್ನಾಗಲಿ ಕೊಡದೆ ತೆಗೆಯುವಂತಿಲ್ಲ. ವಿಚಾರಣೆಯಲ್ಲಿ ದುರ್ನಡತೆ ಸಾಬೀತಾದರೆ ಮಾತ್ರ ಈ ನೋಟಿಸ್ ಬೇಕಿಲ್ಲ. ನೀವು ಬಿಡುವಾಗ ಕೊಡಬೇಕಾದ ಮೂರು ತಿಂಗಳು ಹುಟ್ಟಿದ್ದು ನೀವೇ ಸಹಿ ಮಾಡಿದ ಪತ್ರದಿಂದ. ಅದು ಒಪ್ಪಂದವಾದ್ದರಿಂದ ಅದಕ್ಕೆ ಬೆಲೆಯಿದೆ, ಆದರೆ ಆ ಬೆಲೆ ಹಣದ ರೂಪದ್ದು. 1963ರ ನಿರ್ದಿಷ್ಟ ಪರಿಹಾರ ಕಾಯ್ದೆಯ ಪ್ರಕಾರ ವ್ಯಕ್ತಿಯ ಸೇವೆಯ ಒಪ್ಪಂದವನ್ನು ನ್ಯಾಯಾಲಯ ಬಲವಂತವಾಗಿ ಜಾರಿ ಮಾಡಿಸುವುದಿಲ್ಲ. ಒಂದು ತಿಂಗಳು ದುಡಿದು ಹೊರಟರೆ ಉಳಿದ ಎರಡು ತಿಂಗಳ ಸಂಬಳವನ್ನು ಅವರು ಕೇಳಬಹುದು, ಅಷ್ಟೆ. ಬಾಕಿ ರಜೆಯನ್ನು ಅದರಲ್ಲಿ ಹೊಂದಿಸಿಕೊಳ್ಳುವಂತೆ ನೀವೂ ಕೇಳಬಹುದು.

ಗ್ರಾಚ್ಯುಟಿಯ ಬೆದರಿಕೆಯಲ್ಲಿ ಹುರುಳಿಲ್ಲ. ಐದು ವರ್ಷ ದಾಟಿರುವುದರಿಂದ ಅದು ನಿಮ್ಮ ಹಕ್ಕು. ಅದನ್ನು ತಡೆಹಿಡಿಯಲು ಕಾನೂನು ಹೇಳಿರುವ ಕೆಲವೇ ಕಾರಣಗಳಲ್ಲಿ ನೋಟಿಸ್ ಮುಗಿಸದಿರುವುದು ಸೇರಿಲ್ಲ. ಲೆಕ್ಕಕ್ಕೆ ಬರುವ ವೇತನ 20,800 ರೂಪಾಯಿ ಎಂದಿಟ್ಟುಕೊಂಡರೆ, ಅದನ್ನು 26ರಿಂದ ಭಾಗಿಸಿ 15ರಿಂದ ಗುಣಿಸಿದಾಗ ವರ್ಷಕ್ಕೆ 12,000, ಏಳು ವರ್ಷಕ್ಕೆ 84,000 ರೂಪಾಯಿ ಆಗುತ್ತದೆ. ಪಿ.ಎಫ್. ಮಾಲೀಕರ ಕೈಯಲ್ಲಿರುವ ಹಣವೇ ಅಲ್ಲ. ಅಂಕಪಟ್ಟಿಗಳನ್ನು ಒತ್ತೆಯಂತೆ ಇಟ್ಟುಕೊಳ್ಳುವ ಅಧಿಕಾರವೂ ಅವರಿಗಿಲ್ಲ. ರಾಜೀನಾಮೆಗೆ ಮೊದಲೇ ಅವನ್ನು ಲಿಖಿತವಾಗಿ ಕೇಳಿ, ಸ್ವೀಕೃತಿ ಪಡೆಯಿರಿ.

ಒಂದು ಮಾತು ಮಾಲೀಕರ ಪರವಾಗಿಯೂ ಹೇಳಬೇಕು. ಲೆಕ್ಕ ಬರೆಯುವವರು ಮಾರ್ಚ್ ತಿಂಗಳಲ್ಲಿ ಎದ್ದು ಹೋದರೆ ಯಾರಿಗಾದರೂ ಗಾಬರಿಯಾಗುತ್ತದೆ. ಪುಸ್ತಕಗಳನ್ನು ಇಂದಿನವರೆಗೆ ತುಂಬಿ, ಹೊಸಬರಿಗೆ ಒಪ್ಪಿಸಿದ್ದಕ್ಕೆ ಸಹಿ ಪಡೆದರೆ ಎರಡು ತಿಂಗಳನ್ನು ಅವರೇ ಮನ್ನಾ ಮಾಡಿಯಾರು. ಹಾಸನ ಅರವತ್ತು ಕಿಲೋಮೀಟರ್ ದೂರವಿರಬಹುದು, ವ್ಯಾಪಾರಿಗಳ ಬಾಯಿಮಾತಿಗೆ ಅದು ದೂರವೇ ಅಲ್ಲ.

ಪ್ರಶ್ನೆ: ನನ್ನ ತಂಗಿ ಹಾಸನದ ಗಾರ್ಮೆಂಟ್ಸ್ ಕಾರ್ಖಾನೆಯಲ್ಲಿ ಎರಡೂವರೆ ವರ್ಷದಿಂದ ಟೈಲರ್ ಆಗಿದ್ದಳು. ಆರ್ಡರ್ ಇಲ್ಲ, ನಾಳೆಯಿಂದ ಬರಬೇಡ ಎಂದರು. ಖಾಲಿ ಹಾಳೆಯೊಂದಕ್ಕೆ ಸಹಿಯನ್ನೂ ಹಾಕಿಸಿಕೊಂಡಿದ್ದಾರೆ.
— ಓದುಗರೊಬ್ಬರು, ಹಾಸನ

ಉತ್ತರ: ಇಲ್ಲಿ ಅಪಾಯವಿರುವುದು ಆ ಹಾಳೆಯಲ್ಲಿ. ಅದು ನಾಳೆ ರಾಜೀನಾಮೆ ಪತ್ರವಾದರೆ, ತಾನಾಗಿ ಬಿಟ್ಟವಳಿಗೆ ಪರಿಹಾರವೇಕೆ ಎಂದು ಕಾರ್ಖಾನೆಯವರು ವಾದಿಸುತ್ತಾರೆ. ಆದ್ದರಿಂದ ತಾನು ರಾಜೀನಾಮೆ ಕೊಟ್ಟಿಲ್ಲ, ಸಹಿ ಮಾಡುವಾಗ ಹಾಳೆ ಖಾಲಿ ಇತ್ತು ಎಂದು ಆಕೆ ದಿನಾಂಕ ಹಾಕಿ ಬರೆದ ಪತ್ರವನ್ನು ಇಂದೇ ಸ್ಪೀಡ್ ಪೋಸ್ಟ್ ಮೂಲಕ ಆಡಳಿತಕ್ಕೆ ಕಳುಹಿಸಿ, ಪ್ರತಿಯನ್ನು ಕಾರ್ಮಿಕ ಅಧಿಕಾರಿಯ ಕಚೇರಿಗೆ ಕೊಡಲಿ.

2025ರ ನವೆಂಬರ್ 21ರಿಂದ ಜಾರಿಯಲ್ಲಿರುವ ಕೈಗಾರಿಕಾ ಸಂಬಂಧಗಳ ಸಂಹಿತೆಯಂತೆ, ಒಂದು ವರ್ಷ ಸತತ ಸೇವೆ ಸಲ್ಲಿಸಿದ ಕಾರ್ಮಿಕರನ್ನು ತೆಗೆಯಬೇಕಾದರೆ ಕಾರಣ ತಿಳಿಸಿ ಒಂದು ತಿಂಗಳ ಲಿಖಿತ ನೋಟಿಸನ್ನಾಗಲಿ ಆ ತಿಂಗಳ ವೇತನವನ್ನಾಗಲಿ ಕೊಡಬೇಕು. ಜೊತೆಗೆ ಪ್ರತಿ ಪೂರ್ಣ ವರ್ಷದ ಸೇವೆಗೆ 15 ದಿನಗಳ ಸರಾಸರಿ ವೇತನವನ್ನು ಪರಿಹಾರವಾಗಿ ನೀಡಬೇಕು. ಹನ್ನೆರಡು ತಿಂಗಳಲ್ಲಿ 240 ದಿನ ಕೆಲಸ ಮಾಡಿದ್ದರೆ ಒಂದು ವರ್ಷದ ಸೇವೆಯೆಂದೇ ಲೆಕ್ಕ. ಕಾರ್ಖಾನೆಯಲ್ಲಿ 300 ಅಥವಾ ಅದಕ್ಕಿಂತ ಹೆಚ್ಚು ಕಾರ್ಮಿಕರಿದ್ದರೆ ನೋಟಿಸ್ ಮೂರು ತಿಂಗಳದ್ದಾಗಬೇಕು, ಸರ್ಕಾರದ ಪೂರ್ವಾನುಮತಿಯೂ ಬೇಕು. ಹಾಜರಿ ಕಾರ್ಡನ್ನು ಕಾರ್ಖಾನೆಯವರು ಇಟ್ಟುಕೊಂಡಿದ್ದರೂ ಚಿಂತೆಯಿಲ್ಲ. ಸಂಬಳ ಜಮೆಯಾದ ಬ್ಯಾಂಕ್ ಪಾಸ್‌ಬುಕ್ ಮತ್ತು ತಿಂಗಳು ತಿಂಗಳ ವಂತಿಗೆ ತೋರಿಸುವ ಪಿ.ಎಫ್. ಪಾಸ್‌ಬುಕ್ ಇವೆರಡರ ಪ್ರತಿಯನ್ನು ದೂರಿನ ಜೊತೆ ಲಗತ್ತಿಸಿ.